ಕೋಲಾರದ ಹೊಲ, ಬೋರ್‌ವೆಲ್ ಮತ್ತು ಕೆರೆಗೆ ಬಂದ ನಗರದ ನೀರು: ಮಾಲಿನ್ಯವನ್ನು ಸರಿಯಾಗಿ ಅಳೆಯುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೈತರ ಕೈಯಲ್ಲಿ ತಮ್ಮ ಜಮೀನಿನ ಮಣ್ಣು-ನೀರಿನ ಬಗ್ಗೆ ಇರುವ ಮಾಹಿತಿ ಸಾಮಾನ್ಯವಾಗಿ ಎರಡೇ. ಒಂದು, ಕೃಷಿ ಇಲಾಖೆ ಕೊಟ್ಟ ಮಣ್ಣು ಆರೋಗ್ಯ ಕಾರ್ಡ್. ಇನ್ನೊಂದು, ಫಿಲ್ಟರ್ ಮಾರಲು ಬಂದವರು ಲೋಟಕ್ಕೆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಉಪ್ಪು) ಮೀಟರ್ ಅದ್ದಿ ಹೇಳಿಹೋದ ಒಂದು ಸಂಖ್ಯೆ. ಎರಡರಲ್ಲೂ ಸುಳ್ಳಿಲ್ಲ. ಆದರೆ ಮಣ್ಣಿಗೆ ಭಾರಲೋಹ ಸೇರಿದೆಯೇ, ಬೋರಿಗೆ ಕೊಳಚೆ ಇಳಿದಿದೆಯೇ, ಈ ನೀರನ್ನು ಮಗುವಿಗೆ ಕುಡಿಸಬಹುದೇ ಎಂದು ಕೇಳಿದರೆ ಎರಡರಲ್ಲೂ ಉತ್ತರ ಸಿಗುವುದಿಲ್ಲ.

2015ರ ಫೆಬ್ರುವರಿಯಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ 12 ಅಂಶಗಳನ್ನು ಅಳೆಯುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ ತಿಳಿಸುವ ಇಸಿ ಮತ್ತು ಸಾವಯವ ಇಂಗಾಲ. ಬೆಳೆಗೆ ಏನು ಕಡಿಮೆಯಿದೆ ಎಂದು ತಿಳಿಯಲು ಇದು ಒಳ್ಳೆಯ ಪರೀಕ್ಷೆ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕಲ್, ಆರ್ಸೆನಿಕ್ ಈ ಪಟ್ಟಿಯಲ್ಲಿಲ್ಲ. ಮಾದರಿ ತೆಗೆಯುವ ಲೆಕ್ಕವೂ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು. ಹಾಗಾಗಿ ಕಾರ್ಡಿನಲ್ಲಿ ಎಲ್ಲ ಕಡೆ ‘ಸಾಧಾರಣ’ ಎಂದಿದ್ದ ಮಾತ್ರಕ್ಕೆ ಮಣ್ಣು ಶುದ್ಧ ಎಂದು ತಿಳಿದರೆ ಕಾರ್ಡು ಹೇಳದ್ದನ್ನು ನಾವೇ ಹೇಳಿಸಿದಂತೆ.

ಈ ವಿಷಯ ಈಗ ಕೋಲಾರಕ್ಕೆ ತುರ್ತಿನದು. ಜಿಲ್ಲೆಗೆ ನದಿಯಾಸರೆ ಇಲ್ಲ, ತಾಲ್ಲೂಕುಗಳೆಲ್ಲ ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿವೆ, ಸಾವಿರ ಅಡಿ ದಾಟಿದ ಬೋರು ಇಲ್ಲಿ ಮಾಮೂಲು. ಇಂಥ ನೆಲಕ್ಕೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಯ ಮೂಲಕ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರ್ ಹರಿಸುವುದು ಯೋಜನೆಯ ಗುರಿ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದು ವಿವಾದ ಹೈಕೋರ್ಟ್ ಮೆಟ್ಟಿಲೇರಿತು, 2019ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು, ಆಮೇಲೆ ನೀರು ಮತ್ತೆ ಹರಿಯಿತು. ಹೆಬ್ಬಾಳ-ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ ಬೋರುಗಳಲ್ಲಿ ನೀರು ಬಂದದ್ದು ನಿಜ, ಮೂರನೇ ಹಂತದ ಸಂಸ್ಕರಣೆ ಬೇಕು ಎಂಬ ಒತ್ತಾಯವೂ ನ್ಯಾಯವಾದದ್ದೇ. ಆದರೆ ಪರ-ವಿರೋಧದ ಮಾತು ಬಹುಪಾಲು ಕೆರೆಯ ನೀರಿನ ಸುತ್ತಲೇ ನಿಂತಿದೆ. ಅಳೆಯಬೇಕಾದ ಜಾಗಗಳು ಇನ್ನೂ ಎರಡಿವೆ: ಕೆರೆಯ ತಳದ ಹೂಳು ಮತ್ತು ಕೆರೆಯ ಕೆಳಗಿನ ಬೋರು.

ಎರಡು ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ಸಾವಯವ ಕಶ್ಮಲ ಮತ್ತು ತೇಲುವ ಕಣಗಳು ಬಹುಪಾಲು ಹೋಗುತ್ತವೆ. ಕರಗಿದ ಉಪ್ಪು ಹಾಗೇ ದಾಟುತ್ತದೆ. ಸಾರಜನಕ ಮತ್ತು ರಂಜಕ ಎಷ್ಟು ಇಳಿಯುತ್ತವೆ ಎಂಬುದು ಘಟಕದ ವಿನ್ಯಾಸದ ಮೇಲೆ ನಿಂತಿದೆ. ಲೋಹಗಳನ್ನು ತೆಗೆಯಲೆಂದು ಆ ಘಟಕವನ್ನು ಕಟ್ಟಿರುವುದಿಲ್ಲ. ಒಂದಷ್ಟು ಘಟಕದ ಕೆಸರಿಗೆ ಅಂಟುತ್ತದೆ, ಉಳಿದದ್ದು ಕೆರೆಗೆ ಬಂದು ತಳದ ನುಣ್ಣನೆಯ ಜೇಡಿಗೆ ಕಚ್ಚಿಕೊಳ್ಳುತ್ತದೆ. ಒಂದೊಂದು ದಿನ ತೆಗೆದ ನೀರಿನ ಮಾದರಿಯಲ್ಲಿ ಲೋಹ ಪತ್ತೆಯೇ ಆಗದಿರಬಹುದು, ಹೂಳಿನಲ್ಲಿ ಮಾತ್ರ ಅದು ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗಬಹುದು.

ಬೇಸಿಗೆಯಲ್ಲಿ ಕೆರೆಗೋಡು, ಅಂದರೆ ಕೆರೆಯ ಹೂಳು, ಹೊಡೆದು ಹೊಲಕ್ಕೆ ಹರಡುವುದು ಈ ಭಾಗದ ಹಳೆಯ ರೂಢಿ. ಮಳೆನೀರಿನ ಕೆರೆಯ ಗೋಡು ಕೆಂಪು ಮರಳು ಮಿಶ್ರಿತ ಹೊಲಕ್ಕೆ ಒಳ್ಳೆಯದನ್ನೇ ಮಾಡುತ್ತದೆ, ತೇವ ಹಿಡಿಯುತ್ತದೆ. ನಗರದ ನೀರು ನಿಲ್ಲುವ ಕೆರೆಯ ಗೋಡನ್ನು ಮಾತ್ರ ಪರೀಕ್ಷೆ ಇಲ್ಲದೆ ಒಂದು ಟ್ರ್ಯಾಕ್ಟರ್ ಲೋಡೂ ಹೊಡೆಯಬಾರದು ಎಂಬುದು ಈ ಲೇಖನದ ಸ್ಪಷ್ಟ ಅಭಿಪ್ರಾಯ. ನೀರು ಒಳಬರುವ ಕಡೆ, ಕೆರೆಯ ಮಧ್ಯೆ, ತೂಬಿನ ಹತ್ತಿರ, ಹೀಗೆ ಮೂರು ಕಡೆಯಿಂದ ಬೇರೆ ಬೇರೆ ಮಾದರಿ ತೆಗೆಯಬೇಕು. ಕಣ ನುಣುಪಾದಷ್ಟೂ ಲೋಹ ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಒಳಹರಿವಿನ ಬಳಿಯ ಮರಳುಮಿಶ್ರಿತ ಹೂಳು ಸರಿಯಾಗಿದೆ ಎಂದು ಬಂದರೂ ತೂಬಿನ ಬಳಿಯ ಜೇಡಿ ಸರಿಯಿರುತ್ತದೆಂಬ ಭರವಸೆಯಿಲ್ಲ. ಹೋಲಿಸಲು ಒಂದು ಆಧಾರ: ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರದ ಕಸದಿಂದ ಮಾಡಿದ ಕಾಂಪೋಸ್ಟಿಗೆ ಕಿಲೋಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕಲ್ 50, ಸೀಸ 100, ತಾಮ್ರ 300, ಸತು 1,000 ಮಿಲಿಗ್ರಾಂ ಎಂದು ಮಿತಿ ಇದೆ. ಇದು ಹೂಳಿಗೆಂದು ಮಾಡಿದ ಮಿತಿಯಲ್ಲ. ಎಕರೆಗೆ ಹತ್ತಾರು ಲೋಡ್ ಹೊಡೆಯುವ ಹೂಳು ಕಾಂಪೋಸ್ಟಿನ ಮಿತಿಯನ್ನೇ ದಾಟಿದ್ದರೆ ಅದನ್ನು ಹೊಲಕ್ಕೆ ಹಾಕುವ ಮಾತೇ ಇಲ್ಲ.

ಮೊದಲು ನಕ್ಷೆ, ಆಮೇಲೆ ಬಾಟಲಿ

ನೀರನ್ನು ಬಾಟಲಿಗೆ ತುಂಬಿ ಲ್ಯಾಬಿಗೆ ಒಯ್ದು ‘ಎಲ್ಲ ಟೆಸ್ಟ್ ಮಾಡಿ’ ಎಂದರೆ ದುಡ್ಡು ಹೋಗುತ್ತದೆ, ಉತ್ತರ ಬರುವುದಿಲ್ಲ. ಈ ಜಮೀನಿಗೆ ಏನು ಬಂದಿರಬಹುದು, ಯಾವ ದಾರಿಯಲ್ಲಿ ಬಂದಿರಬಹುದು ಎಂಬುದು ಮೊದಲು ತೀರ್ಮಾನವಾಗಬೇಕು. ಸರ್ವೆ ನಕ್ಷೆಯ ನಕಲಿನ ಮೇಲೆ ಬೋರು, ಹಳೆಯ ತೆರೆದ ಬಾವಿ, ತಿಪ್ಪೆ, ದನದ ಕೊಟ್ಟಿಗೆ, ಶೌಚದ ಗುಂಡಿ, ಬಚ್ಚಲ ನೀರು ನಿಲ್ಲುವ ಜಾಗ, ಕೋಳಿ ಫಾರಂ, ಇಟ್ಟಿಗೆ ಗೂಡು, ಔಷಧಿ ಡ್ರಮ್ ತೊಳೆಯುವ ತೊಟ್ಟಿ, ಕೃಷಿ ಹೊಂಡ, ಮೇಲಿನ ಕೆರೆ, ಕೈಗಾರಿಕಾ ಪ್ರದೇಶದಿಂದ ಬರುವ ಹಳ್ಳ ಎಲ್ಲವನ್ನೂ ಗುರುತಿಸಿ. ಮಳೆ ನೀರು ಹರಿಯುವ ದಿಕ್ಕಿಗೆ ಬಾಣ ಹಾಕಿ. ಕಳೆದ ಹತ್ತು ವರ್ಷದಲ್ಲಿ ಯಾವ ಗೊಬ್ಬರ, ಎಷ್ಟು ಕೋಳಿಗೊಬ್ಬರ, ಎಲ್ಲಿಯ ಹೂಳು, ಟ್ಯಾಂಕರಿನಲ್ಲಿ ತಂದು ಸುರಿದ ದ್ರವ ಏನಾದರೂ ಇತ್ತೇ ಎಂದು ಅಕ್ಕಪಕ್ಕದ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಜಮೀನು ಕೊಳ್ಳುವವರಿಗೆ ಈ ವಿಚಾರಣೆ ಪಹಣಿ ನೋಡುವಷ್ಟೇ ಮುಖ್ಯ.

ಕೆ.ಜಿ.ಎಫ್. ಸುತ್ತಲಿನ ಹಳ್ಳಿಗಳಾದರೆ ಗಾಳಿಯ ದಿಕ್ಕನ್ನೂ ಗುರುತಿಸಬೇಕು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ಚಿನ್ನ ತೆಗೆದು ಉಳಿದ ನುಣ್ಣನೆಯ ಪುಡಿಯ ದಿಬ್ಬಗಳು ಉಳಿದವು. ಜನ ಅವನ್ನು ಸೈನೈಡ್ ದಿಬ್ಬ ಎಂದೇ ಕರೆಯುತ್ತಾರೆ. ಸೈನೈಡ್ ಬಿಸಿಲು-ಗಾಳಿಗೆ ಕಾಲಾಂತರದಲ್ಲಿ ಒಡೆಯುತ್ತದೆ, ಆರ್ಸೆನಿಕ್ ಮತ್ತು ಲೋಹಗಳು ಒಡೆಯುವ ವಸ್ತುಗಳಲ್ಲ. ಅಲ್ಲಿ ಮಣ್ಣಿನ ಮೇಲ್ಪದರದ ಪರೀಕ್ಷೆಯಲ್ಲಿ ಇವು ಮೊದಲು ಬರಬೇಕು.

ಮಣ್ಣಿನ ಮಾದರಿ: ಬೆರೆಸಬೇಕಾದಾಗ ಬೆರೆಸಿ, ಬೆರೆಸಬಾರದಾಗ ಬೇಡ

ಫಲವತ್ತತೆಗೆ ಮಾದರಿ ತೆಗೆಯುವ ಕ್ರಮ ಹೆಚ್ಚಿನವರಿಗೆ ಗೊತ್ತು. ಎಕರೆಗೆ 8ರಿಂದ 10 ಕಡೆ ಅಂಕುಡೊಂಕಾಗಿ ನಡೆದು, ಮೇಲಿನ ಕಸಕಡ್ಡಿ ಸರಿಸಿ, 6 ಇಂಚು ಆಳಕ್ಕೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ಮಾಡಿ, ಪಕ್ಕದಿಂದ ಒಂದೇ ದಪ್ಪದ ಹೋಳು ಕೆರೆದು ಬಕೆಟ್ಟಿಗೆ ಹಾಕುವುದು. ಚೆನ್ನಾಗಿ ಬೆರೆಸಿ ಗುಡ್ಡೆ ಹರಡಿ ನಾಲ್ಕು ಭಾಗ ಮಾಡಿ, ಎದುರು-ಬದುರಿನ ಎರಡು ಭಾಗ ಬಿಟ್ಟು, ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ ನೆರಳಲ್ಲಿ ಒಣಗಿಸುವುದು. ಬದು, ಮರದ ಬುಡ, ತಿಪ್ಪೆಯ ಜಾಗ, ಇತ್ತೀಚೆಗೆ ಗೊಬ್ಬರ ಹಾಕಿದ ಸಾಲು ಬಿಡಬೇಕು.

ಮಾಲಿನ್ಯ ಹುಡುಕುವಾಗ ಇದೇ ಕ್ರಮ ದಾರಿ ತಪ್ಪಿಸುತ್ತದೆ. ಹಳ್ಳದ ಪಕ್ಕದ ನಾಲ್ಕು ಗುಂಟೆಯಲ್ಲಿ ಸೀಸ ಹೆಚ್ಚಿದ್ದರೆ, ಉಳಿದ ಮೂವತ್ತಾರು ಗುಂಟೆಯ ಮಣ್ಣಿನೊಂದಿಗೆ ಬೆರೆತಾಗ ಅದು ಹತ್ತನೇ ಒಂದು ಭಾಗಕ್ಕೆ ಇಳಿದು ಕಣ್ಮರೆಯಾಗುತ್ತದೆ. ಫಲವತ್ತತೆಗೆ ಬಿಡಬೇಕಾದ ಜಾಗವನ್ನೇ ಇಲ್ಲಿ ಹುಡುಕಿಕೊಂಡು ಹೋಗಬೇಕು: ಹಳ್ಳದ ದಂಡೆ, ಕಾಲುವೆ ಹೊಲಕ್ಕೆ ಬಾಯಿ ತೆರೆಯುವ ಕಡೆ, ಔಷಧಿ ಬೆರೆಸುವ ತೊಟ್ಟಿಯ ಸುತ್ತ, ನೀರು ನಿಂತು ಇಂಗುವ ತಗ್ಗು. ಪ್ರತಿಯೊಂದನ್ನೂ ಬೇರೆ ಚೀಲಕ್ಕೆ ಹಾಕಿ, ನಕ್ಷೆಯಲ್ಲಿ ಅದೇ ಸಂಖ್ಯೆ ಬರೆಯಿರಿ. ಆಳವೂ ಬೇರೆ ಬೇರೆ ಇರಲಿ. ಲೋಹಗಳು ಬಹುಪಾಲು ಮೇಲಿನ 15-20 ಸೆಂ.ಮೀ.ನಲ್ಲೇ ನಿಲ್ಲುತ್ತವೆ. ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ, ನೀರಿನೊಂದಿಗೆ ಇಳಿದುಹೋಗುತ್ತದೆ. ಅದನ್ನು ಹಿಡಿಯಲು 0-15, 15-30, 30-60, 60-90 ಸೆಂ.ಮೀ. ಎಂದು ನಾಲ್ಕು ಪದರ ತೆಗೆಯಬೇಕು. ಬೇರಿನ ವಲಯದ ಕೆಳಗಿನ ಪದರದಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಅದು ಬೆಳೆಗೆ ಸಿಗದೆ ಬೋರಿನ ದಾರಿ ಹಿಡಿದಿದೆ ಎಂದೇ ಅರ್ಥ.

ಸಲಕರಣೆಯ ಬಗ್ಗೆ ಒಂದು ಮಾತು. ಸತು ಲೇಪಿಸಿದ ಜಿ.ಐ. ಬಕೆಟ್, ಬಣ್ಣ ಬಳಿದ ಸನಿಕೆ ಲೋಹದ ಪರೀಕ್ಷೆಗೆ ಆಗದು. ಸ್ಟೀಲ್ ಕರಣೆ, ಪ್ಲಾಸ್ಟಿಕ್ ಬಕೆಟ್ ಸಾಕು. ಗುದ್ದಲಿಯಿಂದ ಗುಂಡಿ ತೆಗೆದರೂ ಕಬ್ಬಿಣ ತಾಗಿದ ಮುಖವನ್ನು ಕರಣೆಯಿಂದ ಕೆರೆದು ತೆಗೆದು, ಒಳಗಿನ ಮಣ್ಣನ್ನಷ್ಟೇ ತೆಗೆದುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಹೋಲಿಕೆಯ ಮಾದರಿ. ಅದೇ ಬಗೆಯ ಮಣ್ಣಿನ, ಆ ನೀರು ಎಂದೂ ಹಾಯದ ಎತ್ತರದ ಜಾಗದಿಂದ ಒಂದೆರಡು ಮಾದರಿ ಇರಲೇಬೇಕು. ಕೋಲಾರದ ಚಿನ್ನದ ಶಿಲಾಪಟ್ಟಿಯ ಕಪ್ಪು ಬಂಡೆಯಿಂದಾದ ಮಣ್ಣಿನಲ್ಲಿ ಕ್ರೋಮಿಯಂ ಮತ್ತು ನಿಕಲ್ ಸಹಜವಾಗಿಯೇ ಹೆಚ್ಚಿರುತ್ತವೆ, ಪಕ್ಕದ ಗ್ರಾನೈಟ್ ಮಣ್ಣಿನಲ್ಲಿ ಕಡಿಮೆ. ಹೋಲಿಕೆಯ ಮಾದರಿ ಇಲ್ಲದಿದ್ದರೆ ಬಂಡೆ ಕೊಟ್ಟದ್ದನ್ನು ಕಾರ್ಖಾನೆಯ ಮೇಲೆ ಹೊರಿಸುವುದೂ ಉಂಟು, ಕಾರ್ಖಾನೆ ಕೊಟ್ಟದ್ದನ್ನು ಬಂಡೆಯ ಮೇಲೆ ಹೊರಿಸುವುದೂ ಉಂಟು. ಎರಡನೆಯದಕ್ಕೆ ಅವಕಾಶ ಕೊಡಬಾರದೆಂದರೆ ಈ ಖರ್ಚನ್ನು ಉಳಿಸಲು ಹೋಗಬಾರದು.

ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂಬುದರ ಜೊತೆಗೆ ಬೆಳೆಗೆ ಎಷ್ಟು ಸಿಗುತ್ತದೆ ಎಂಬುದೂ ಬೇಕು. ಒಟ್ಟು ಪ್ರಮಾಣ ಒಂದೇ ಇದ್ದರೂ ಪಿಎಚ್ 5.5ರ ಮಣ್ಣಿನಲ್ಲಿ ಕ್ಯಾಡ್ಮಿಯಂ ಸಡಿಲವಾಗಿರುತ್ತದೆ, 7ರ ಮೇಲೆ ಬಿಗಿಯಾಗಿ ಕೂರುತ್ತದೆ. ವರ್ಷಗಟ್ಟಲೆ ಯೂರಿಯಾ, ಅಮೋನಿಯಂ ಗೊಬ್ಬರ ಸುರಿದ ಕೆಂಪು ಮಣ್ಣು ಹುಳಿಯಾಗುತ್ತಾ ಹೋಗುವುದರಿಂದ ಹಿಂದೆ ಅಡಗಿದ್ದ ಲೋಹ ಈಗ ಸೊಪ್ಪಿಗೆ ಏರಬಹುದು. ದಂಟು, ಪಾಲಕ್‌ನಂಥ ಸೊಪ್ಪುಗಳು ಕ್ಯಾಡ್ಮಿಯಂ ಬೇಗ ಹೀರುತ್ತವೆ. ಅನುಮಾನವಿರುವ ಹೊಲದಲ್ಲಿ ಸೊಪ್ಪಿನ ಬದಲು ಹಿಪ್ಪುನೇರಳೆ, ಹೂವು ಅಥವಾ ಮರದ ಬೆಳೆಗೆ ಹೋಗುವುದು, ಪರೀಕ್ಷೆಯಂತೆ ಸುಣ್ಣ ಕೊಟ್ಟು ಪಿಎಚ್ 6.5-7ಕ್ಕೆ ತರುವುದು ಲೋಹವನ್ನು ತೆಗೆಯದಿದ್ದರೂ ತಟ್ಟೆಗೆ ಬರುವುದನ್ನು ತಗ್ಗಿಸುತ್ತದೆ.

ಬೋರಿನ ನೀರು: ಕೇಸಿಂಗ್ ಪಕ್ಕದ ಸಂದಿನಿಂದ ಶುರು

ಈ ಭಾಗದ ಗ್ರಾನೈಟ್ ಜಾತಿಯ ಗಟ್ಟಿ ಬಂಡೆಯಲ್ಲಿ ನೀರು ಇರುವುದು ಬಿರುಕಿನಲ್ಲಿ. ಮೇಲಿನ ಕೊಳೆತ ಬಂಡೆಯ ಪದರಕ್ಕಷ್ಟೇ ಕೇಸಿಂಗ್ ಪೈಪ್ ಇಳಿಸಿ, ಅದರ ಕೆಳಗೆ ಬರೀ ಬಂಡೆ ಬಿಡುತ್ತಾರೆ. ಪೈಪಿಗೂ ಕೊರೆದ ರಂಧ್ರಕ್ಕೂ ನಡುವೆ ಉಳಿಯುವ ಸಂದನ್ನು ಸಿಮೆಂಟ್ ಹಾಲಿನಿಂದ ತುಂಬಬೇಕು. ಹೆಚ್ಚಿನ ಕಡೆ ಕೊರೆದ ಪುಡಿಯನ್ನೇ ಎಳೆದು ಮುಚ್ಚಿ ಹೋಗುತ್ತಾರೆ. ಮಳೆ ಬಂದಾಗ ತಿಪ್ಪೆಯ ಕಪ್ಪು ನೀರು, ಬಚ್ಚಲ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ಈ ಸಂದಿನಲ್ಲೇ ನೇರ ಇಳಿಯುತ್ತದೆ. 1,200 ಅಡಿ ಬೋರಿನಲ್ಲಿ ಮಲದ ಬ್ಯಾಕ್ಟೀರಿಯಾ ಸಿಕ್ಕರೆ ಅದು ಆಳದ ನೀರಿನ ದೋಷವಾಗಿರುವುದಕ್ಕಿಂತ ಮೊದಲ ಮೂವತ್ತು ಅಡಿಯ ದೋಷವಾಗಿರುವ ಸಾಧ್ಯತೆಯೇ ಹೆಚ್ಚು. ಬತ್ತಿದ ಬೋರಿಗೆ ರಸ್ತೆಯ ನೀರು, ಕೊಟ್ಟಿಗೆ ತೊಳೆದ ನೀರು ಬಿಟ್ಟು ‘ಇಂಗಿಸುವುದು’ ಇದಕ್ಕಿಂತ ಕೆಟ್ಟದ್ದು. ಸೋಸುಗುಂಡಿ ಇಲ್ಲದೆ ಬೋರಿಗೆ ಯಾವ ನೀರನ್ನೂ ಬಿಡಬಾರದು. ಬಳಸದ ಬೋರನ್ನು ಜೇಡಿಮಣ್ಣು ತುಂಬಿ ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಬೇಕು.

ಮಾದರಿ ತೆಗೆಯುವಾಗ ಪೈಪಿನಲ್ಲಿ ನಿಂತಿದ್ದ ನೀರನ್ನು ಹೊರಗೆ ಹಾಕಬೇಕು. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು 6.5 ಲೀಟರ್ ನೀರಿರುತ್ತದೆ, 300 ಅಡಿ ನೀರು ನಿಂತಿದ್ದರೆ ಹತ್ತಿರಹತ್ತಿರ 2,000 ಲೀಟರ್. ದಿನಾ ಓಡುವ ಮೋಟರಾದರೆ 15-20 ನಿಮಿಷ ಬಿಟ್ಟರೆ ಸಾಕು. ತಿಂಗಳುಗಟ್ಟಲೆ ನಿಂತ ಬೋರಾದರೆ ಐದೈದು ನಿಮಿಷಕ್ಕೆ ಇಸಿ ಅಳೆದು, ಮೂರು ಸಲ ಒಂದೇ ಸಂಖ್ಯೆ ಬರುವ ತನಕ ಓಡಿಸಿ. ಮಾದರಿಯನ್ನು ಬೋರಿನ ಬಾಯಲ್ಲೇ ಹಿಡಿಯಬೇಕು, ಸಿಂಟೆಕ್ಸ್ ಟ್ಯಾಂಕಿನಿಂದಲೋ ಡ್ರಿಪ್ ಪೈಪಿನಿಂದಲೋ ಹಿಡಿದರೆ ಗೊಬ್ಬರ ಟ್ಯಾಂಕಿನ ಶೇಷವೂ ಸೇರಿಬಿಡುತ್ತದೆ.

ಒಂದೇ ಬಾಟಲಿ ಸಾಲದು. ಸಾಮಾನ್ಯ ರಾಸಾಯನಿಕ ಪರೀಕ್ಷೆಗೆ ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ 1 ಲೀಟರ್ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ. ಫ್ಲೋರೈಡ್‌ಗೆ ಗಾಜಿನ ಬಾಟಲಿ ಬೇಡ. ಲೋಹಕ್ಕೆ ಬೇರೆ ಬಾಟಲಿ, ಅದಕ್ಕೆ ಲ್ಯಾಬಿನವರು ಕೊಡುವ ನೈಟ್ರಿಕ್ ಆಮ್ಲದ ಹನಿಗಳು. ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೇ ಅಂಟಿ ಲೆಕ್ಕಕ್ಕೆ ಸಿಗುವುದಿಲ್ಲ. ಆಮ್ಲ ಹಾಕಿದ ಆ ಬಾಟಲಿಯಲ್ಲಿ ನೈಟ್ರೇಟ್ ನೋಡಿಸಿದರೆ ಆಮ್ಲದ ನೈಟ್ರೇಟೇ ಬರುತ್ತದೆ, ಆದ್ದರಿಂದ ಎರಡನ್ನೂ ಕಲಸಬೇಡಿ. ಬ್ಯಾಕ್ಟೀರಿಯಾಕ್ಕೆ ಲ್ಯಾಬ್ ಕೊಟ್ಟ ಕ್ರಿಮಿರಹಿತ ಬಾಟಲಿ. ಮುಚ್ಚಳದ ಒಳಭಾಗ ಮುಟ್ಟದೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು, ಆರು ಗಂಟೆಯೊಳಗೆ ತಲುಪಿಸುವುದು ಒಳ್ಳೆಯದು. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಒಯ್ದ ಮಾದರಿಗೆ ಯಾವ ಬೆಲೆಯೂ ಇಲ್ಲ.

ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಒಮ್ಮೆ ತೆಗೆಯುವುದು ಕನಿಷ್ಠ. ಬೇಸಿಗೆಯಲ್ಲಿ ಆಳದ ಹಳೆಯ ನೀರು ಬರುವುದರಿಂದ ಫ್ಲೋರೈಡ್ ಏರಿರಬಹುದು, ಮಳೆಯ ನಂತರ ಮೇಲಿನಿಂದ ತೊಳೆದು ಬಂದ ನೈಟ್ರೇಟ್ ಏರಿರಬಹುದು. ಕೆರೆ ತುಂಬಿದ ಊರುಗಳಲ್ಲಿ ಇವೆರಡೂ ವಿರುದ್ಧ ದಿಕ್ಕಿನಲ್ಲಿ ಹೋಗುವ ಸಾಧ್ಯತೆ ಇದೆ: ಹೊಸ ನೀರು ಇಂಗಿ ಫ್ಲೋರೈಡ್ ತೆಳುವಾಗುತ್ತದೆ, ಜೊತೆಗೆ ನೈಟ್ರೇಟ್, ಕ್ಲೋರೈಡ್ ಬರುತ್ತವೆ. ಒಂದನ್ನಷ್ಟೇ ಅಳೆದು ‘ನೀರು ಸುಧಾರಿಸಿತು’ ಅಥವಾ ‘ಹಾಳಾಯಿತು’ ಎನ್ನುವುದು ಎರಡೂ ಆತುರದ ಮಾತು.

ವರದಿ ಓದುವುದು

ಉದಾಹರಣೆಗೆ ಈ ಭಾಗದ ಬೋರಿನಲ್ಲಿ ಕಾಣಬಹುದಾದ ಒಂದು ವರದಿಯನ್ನು ಕಲ್ಪಿಸಿಕೊಳ್ಳಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ 800, ಕ್ಯಾಲ್ಸಿಯಂ 48, ಮೆಗ್ನೀಸಿಯಂ 36.6, ಸೋಡಿಯಂ 184, ಪೊಟ್ಯಾಸಿಯಂ 4, ಬೈಕಾರ್ಬೊನೇಟ್ 476, ಕ್ಲೋರೈಡ್ 124, ಸಲ್ಫೇಟ್ 48, ನೈಟ್ರೇಟ್ 74, ಫ್ಲೋರೈಡ್ 1.9. ಇಸಿ 1,380 ಮೈಕ್ರೊಸೀಮನ್ಸ್, ಪಿಎಚ್ 8.1.

ಮೊದಲು ವರದಿಯೇ ಸರಿಯಿದೆಯೇ ನೋಡಬೇಕು. ನೀರಿನಲ್ಲಿ ಕರಗಿದ ಧನ ಮತ್ತು ಋಣ ವಿದ್ಯುದಂಶಗಳು ಸಮ ಇರುವುದರಿಂದ ಅವುಗಳ ಮೊತ್ತವೂ ಹೆಚ್ಚುಕಡಿಮೆ ಸಮ ಬರಬೇಕು. ಪ್ರತಿ ಸಂಖ್ಯೆಯನ್ನು ಅದರದರ ತುಲ್ಯತೂಕದಿಂದ (ಎಲ್ಲವನ್ನೂ ಒಂದೇ ಅಳತೆಗೆ ತರುವ ಸಂಖ್ಯೆ) ಭಾಗಿಸಿ: ಕ್ಯಾಲ್ಸಿಯಂಗೆ 20, ಮೆಗ್ನೀಸಿಯಂಗೆ 12.2, ಸೋಡಿಯಂಗೆ 23, ಪೊಟ್ಯಾಸಿಯಂಗೆ 39. ಕ್ರಮವಾಗಿ 2.4, 3.0, 8.0, 0.1, ಒಟ್ಟು 13.5. ಇನ್ನೊಂದು ಕಡೆ ಬೈಕಾರ್ಬೊನೇಟ್‌ಗೆ 61, ಕ್ಲೋರೈಡ್‌ಗೆ 35.5, ಸಲ್ಫೇಟ್‌ಗೆ 48, ನೈಟ್ರೇಟ್‌ಗೆ 62, ಫ್ಲೋರೈಡ್‌ಗೆ 19. ಬರುವುದು 7.8, 3.5, 1.0, 1.2, 0.1, ಒಟ್ಟು 13.6. ಎರಡು ಮೊತ್ತಗಳ ನಡುವೆ ಶೇ 5ರಿಂದ 10ರ ಒಳಗಿನ ವ್ಯತ್ಯಾಸ ಇದ್ದರೆ ವರದಿಯನ್ನು ನಂಬಬಹುದು. ಅದಕ್ಕಿಂತ ಹೆಚ್ಚಿದ್ದರೆ ಯಾವುದೋ ಒಂದು ಅಂಶ ತಪ್ಪಾಗಿದೆ, ಮತ್ತೆ ಮಾಡಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಕುಡಿಯುವ ಲೆಕ್ಕ. ಭಾರತೀಯ ಮಾನಕ 10500ರ ಪ್ರಕಾರ ಟಿಡಿಎಸ್ 500 ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. ಹಾಗಾಗಿ ಮೀಟರ್ ಹಿಡಿದವರು ಈ 800ನ್ನು ‘ಪರವಾಗಿಲ್ಲ’ ಎನ್ನುತ್ತಾರೆ. ಆದರೆ ನೈಟ್ರೇಟ್ ಮಿತಿ 45, ಅದಕ್ಕೆ ಸಡಿಲಿಕೆಯೇ ಇಲ್ಲ, ಇಲ್ಲಿ 74 ಇದೆ. ಫ್ಲೋರೈಡ್ 1, ಹೆಚ್ಚೆಂದರೆ 1.5, ಇಲ್ಲಿ 1.9. ಮೀಟರಿಗೆ ಪಾಸಾದ ನೀರು ಎರಡು ಕಡೆ ಫೇಲು. ಮೀಟರ್ ಒಟ್ಟು ಉಪ್ಪನ್ನು ಅಂದಾಜು ಮಾಡುತ್ತದೆ, ಯಾವ ಉಪ್ಪು ಎಂದು ಹೇಳುವುದಿಲ್ಲ.

ಫ್ಲೋರೈಡ್ ಎಲ್ಲಿಂದ ಬಂತು? ಸೋಡಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಪಿಎಚ್ 8ರ ಮೇಲೆ: ಬಂಡೆಯ ಫ್ಲೋರೈಡ್ ಕರಗಲು ಹೇಳಿಮಾಡಿಸಿದ ನೀರು ಇದು. ನೈಟ್ರೇಟನ್ನು ಬಂಡೆ ಕೊಡುವುದಿಲ್ಲ. ಕ್ಲೋರೈಡ್ ಕೂಡ ಹೆಚ್ಚಿದ್ದರೆ ತಿಪ್ಪೆ, ಶೌಚಗುಂಡಿ, ಕೊಳಚೆಯತ್ತ ಬೆರಳು ಹೋಗುತ್ತದೆ, ಕ್ಲೋರೈಡ್ ಕಡಿಮೆಯಿದ್ದು ನೈಟ್ರೇಟ್ ಮಾತ್ರ ಏರಿದ್ದರೆ ಯೂರಿಯಾದತ್ತ. ಮೇಲಿನ ವರದಿಯಲ್ಲಿ ಎರಡೂ ಸೇರಿರುವ ಲಕ್ಷಣವಿದೆ. ಕೆರೆಯ ಕೊಳಚೆಮೂಲ ಎಂಬ ಅನುಮಾನವಿದ್ದರೆ ಸೋಪಿನ ಪುಡಿಯಿಂದ ಬರುವ ಬೋರಾನ್ ಅನ್ನೂ ಅಳೆಸಿ, ಕೆರೆಯ ಮೇಲಿನ ಒಂದು ಬೋರು ಮತ್ತು ಕೆಳಗಿನ ಎರಡು ಬೋರುಗಳ ಜೊತೆ ಹೋಲಿಸಬೇಕು.

ಯೂರಿಯಾದ ಪಾಲು ಸಣ್ಣದೆಂದು ತಿಳಿಯಬಾರದು. 45 ಕಿಲೋ ಚೀಲದಲ್ಲಿ 20.7 ಕಿಲೋ ಸಾರಜನಕವಿದೆ, ನೈಟ್ರೇಟ್ ಲೆಕ್ಕದಲ್ಲಿ ಸುಮಾರು 92 ಕಿಲೋ. ಅದರ ಹತ್ತನೇ ಒಂದು ಭಾಗ ಬೇರು ದಾಟಿ ಇಳಿದರೂ 2 ಲಕ್ಷ ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಲು ಸಾಕು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ದೇಶದ ಮಾದರಿಗಳಲ್ಲಿ ಶೇ 20ರಷ್ಟು ನೈಟ್ರೇಟ್ ಮಿತಿ ಮೀರಿದ್ದರೆ, ಕರ್ನಾಟಕದಲ್ಲಿ ಆ ಪ್ರಮಾಣ ಶೇ 49ರ ಆಸುಪಾಸು. ಇದೇ ಸಾರಜನಕವನ್ನು ರೈತರು ಲೆಕ್ಕಕ್ಕೆ ತಂದುಕೊಳ್ಳಬಹುದು: 74 ಮಿಲಿಗ್ರಾಂ ನೈಟ್ರೇಟಿನ ನೀರನ್ನು ಟೊಮೆಟೊಗೆ 10 ಲಕ್ಷ ಲೀಟರ್ ಹಾಯಿಸಿದರೆ 16-17 ಕಿಲೋ ಸಾರಜನಕ ಪುಕ್ಕಟೆಯಾಗಿ ಹೋಗುತ್ತದೆ, ಮುಕ್ಕಾಲು ಚೀಲ ಯೂರಿಯಾಕ್ಕಿಂತ ಹೆಚ್ಚು. ಅಷ್ಟನ್ನು ಕಡಿಮೆ ಮಾಡಿದರೆ ದುಡ್ಡೂ ಉಳಿಯುತ್ತದೆ, ಬೋರೂ.

ನೀರಾವರಿಗೆ ಇದೇ ವರದಿಯನ್ನು ಬೇರೆ ಕಣ್ಣಿನಿಂದ ನೋಡಬೇಕು. ಮೇಲೆ ಭಾಗಿಸಿ ಬಂದ ಬೈಕಾರ್ಬೊನೇಟ್ 7.8ರಿಂದ ಕ್ಯಾಲ್ಸಿಯಂ-ಮೆಗ್ನೀಸಿಯಂ ಸೇರಿ 5.4 ಕಳೆದರೆ 2.4 ಉಳಿಯುತ್ತದೆ. 1.25ರ ಒಳಗಿದ್ದರೆ ಕ್ಷೇಮ, 2.5 ದಾಟಿದರೆ ಮಣ್ಣು ಬಿಗಿದು ಕರಲಾಗುತ್ತದೆ. ಇದು ಅಂಚಿನಲ್ಲಿದೆ. 1.25ಕ್ಕೆ ಇಳಿಸಲು 1,000 ಲೀಟರಿಗೆ ಸುಮಾರು 100 ಗ್ರಾಂ ಶುದ್ಧ ಜಿಪ್ಸಂ, ಅಂದರೆ ಎಕರೆಗೆ ಒಂದು ಇಂಚು ನೀರು ಹಾಯಿಸುವಾಗ 10 ಕಿಲೋ. ಪೇಟೆಯ ಜಿಪ್ಸಂ ಶೇ 80 ಶುದ್ಧವಿದ್ದರೆ 12-13 ಕಿಲೋ. ಡ್ರಿಪ್ ಇದ್ದರೆ ಜಿಪ್ಸಂ ಅನ್ನು ಪೈಪಿನಲ್ಲಿ ಬಿಡದೆ ಮಣ್ಣಿಗೇ ಕೊಡಿ, ಇಲ್ಲವಾದರೆ ಡ್ರಿಪ್ಪರ್ ಕಟ್ಟುತ್ತದೆ.

ವರದಿಯಲ್ಲಿ ಎರಡು ಬಲೆಗಳಿವೆ. ಕೆಲವು ಲ್ಯಾಬ್‌ಗಳು ನೈಟ್ರೇಟನ್ನು ಸಾರಜನಕದ ರೂಪದಲ್ಲಿ ಬರೆಯುತ್ತವೆ. ಆಗ ಮಿತಿ 45 ಅಲ್ಲ, ಸುಮಾರು 10. 16.7 ಎಂದು ಓದಿ ನೆಮ್ಮದಿಯಾದವರು ನಿಜಕ್ಕೂ ಕುಡಿಯುತ್ತಿರುವುದು 74. ಇನ್ನೊಂದು, ಲೋಹದ ಮುಂದೆ ‘ಬಿಡಿಎಲ್’, ಅಂದರೆ ಪತ್ತೆಯಾಗಲಿಲ್ಲ ಎಂಬ ಬರಹ. ಪತ್ತೆ ಮಾಡುವ ಕನಿಷ್ಠ ಮಟ್ಟ ಎಷ್ಟು ಎಂದು ಕೇಳಿ. ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಯಂತ್ರ 0.01ಕ್ಕಿಂತ ಕೆಳಗೆ ಓದುವುದಿಲ್ಲ ಎಂದಾದರೆ ಆ ‘ಬಿಡಿಎಲ್’ನಲ್ಲಿ ಮೂರು ಪಟ್ಟು ಮಿತಿ ಮೀರಿದ ನೀರೂ ಅಡಗಿರಬಹುದು. ಲ್ಯಾಬಿಗೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂದಷ್ಟೇ ನೋಡಬೇಡಿ, ನಿಮಗೆ ಬೇಕಾದ ಅಂಶಕ್ಕೇ ಇದೆಯೇ ನೋಡಿ.

ಈ ಪ್ರದೇಶದಲ್ಲಿ ಯುರೇನಿಯಂ ಕೂಡ ಪಟ್ಟಿಗೆ ಸೇರಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ತಂಡ ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರು ನೋಡಿದಾಗ 57ರಲ್ಲಿ ಲೀಟರಿಗೆ 30 ಮೈಕ್ರೊಗ್ರಾಂ ಮಿತಿ ದಾಟಿತ್ತು. ಮೂಲ ಬಂಡೆಯೇ, ಆದರೆ ಬೈಕಾರ್ಬೊನೇಟ್ ಮತ್ತು ನೈಟ್ರೇಟ್ ಇರುವ ನೀರಿನಲ್ಲಿ ಅದು ಹೆಚ್ಚು ಕರಗುತ್ತದೆ. ಸಾಮಾನ್ಯ ಕಿಟ್‌ಗಳಲ್ಲಿ ಇದು ಕಾಣುವುದಿಲ್ಲ.

ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನೈಟ್ರೇಟ್, ಫ್ಲೋರೈಡ್, ಯುರೇನಿಯಂ ಮೂರೂ ನೀರು ಆವಿಯಾದಷ್ಟು ಗಾಢವಾಗುತ್ತವೆ. ಆರು ತಿಂಗಳೊಳಗಿನ ಮಗುವಿಗೆ ನೈಟ್ರೇಟ್ ನೀರಿನಲ್ಲಿ ಪುಡಿಹಾಲು ಕಲಸಿ ಕೊಡುವುದು ಅಪಾಯ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುತ್ತದೆ. ಪೊರೆಯ ಮೂಲಕ ನೀರು ಸೋಸುವ ಆರ್‌ಒ ಘಟಕ ಈ ಮೂರನ್ನೂ ತಗ್ಗಿಸುತ್ತದೆ, ಆದರೆ ಪೊರೆ ಹಳತಾದಂತೆ ನೈಟ್ರೇಟ್ ಮೊದಲು ನುಸುಳುತ್ತದೆ, ನೀರಿನ ರುಚಿಯಲ್ಲಿ ಅದು ಗೊತ್ತಾಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ಒಳಹೋಗುವ ಮತ್ತು ಹೊರಬರುವ ನೀರಿನ ನೈಟ್ರೇಟನ್ನು ಮೂರು ತಿಂಗಳಿಗೊಮ್ಮೆ ಅಳೆದು ಗೋಡೆಗೆ ಬರೆಯಬೇಕು. ಘಟಕ ಹೊರಹಾಕುವ ಗಾಢ ನೀರನ್ನು ಪಕ್ಕದ ಗುಂಡಿಗೆ ಬಿಟ್ಟರೆ ಅದು ಅದೇ ಬೋರಿಗೆ ಮರಳುತ್ತದೆ. ಅನೇಕ ಊರುಗಳಲ್ಲಿ ಹೀಗೇ ನಡೆಯುತ್ತಿದೆ.

ಎಲ್ಲಿಗೆ ಒಯ್ಯಬೇಕು, ಯಾರನ್ನು ಕೇಳಬೇಕು

ಫಲವತ್ತತೆಯ ಪರೀಕ್ಷೆಗೆ ರೈತ ಸಂಪರ್ಕ ಕೇಂದ್ರ ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ. ಕುಡಿಯುವ ನೀರಿಗೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಲ್ಯಾಬ್. ಜಲ ಜೀವನ್ ಮಿಷನ್ ಅಡಿ ಈ ಲ್ಯಾಬ್‌ಗಳು ಸಾರ್ವಜನಿಕರ ಮಾದರಿಯನ್ನೂ ತೆಗೆದುಕೊಳ್ಳಬೇಕು. ಪಂಚಾಯಿತಿಯಲ್ಲಿರುವ ಕಿಟ್ ಮೊದಲ ಜರಡಿಗೆ ಸಾಕು, ಬಣ್ಣ ಮಿತಿಯ ಹತ್ತಿರ ಬಂದರೆ ಲ್ಯಾಬಿಗೆ ಹೋಗಲೇಬೇಕು. ಲೋಹ ಮತ್ತು ಯುರೇನಿಯಂಗೆ ಖರ್ಚು ಹೆಚ್ಚು. ಒಂದೇ ಕೆರೆಯ ಅಚ್ಚುಕಟ್ಟಿನ ಹತ್ತು ಮಂದಿ ಸೇರಿ ನಾಲ್ಕು ಬೋರು, ಮೂರು ಹೂಳು, ಎರಡು ಹೋಲಿಕೆಯ ಮಣ್ಣು ಎಂದು ಹಂಚಿಕೊಂಡರೆ ಹೊರೆ ಇಳಿಯುತ್ತದೆ, ಫಲಿತಾಂಶವೂ ಒಂದೊಂದು ಬಿಡಿ ವರದಿಗಿಂತ ಹೆಚ್ಚು ಹೇಳುತ್ತದೆ.

ಮಾಲಿನ್ಯ ಖಚಿತವಾದರೆ ಕೇಳಲು ಈಗ ಒಂದು ನಿಯಮವಿದೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ಸ್ಥಳಗಳ ನಿರ್ವಹಣೆಯ ನಿಯಮಗಳನ್ನು ಹೊರಡಿಸಿತು. ಸಂಶಯವಿರುವ ಸ್ಥಳಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಿದ್ಧಪಡಿಸಬೇಕು, ಪ್ರಾಥಮಿಕ ಪರಿಶೀಲನೆ 90 ದಿನದಲ್ಲಿ ಆಗಬೇಕು, ಮಾಲಿನ್ಯ ಮಾಡಿದವರೇ ಶುದ್ಧೀಕರಣದ ವೆಚ್ಚ ಹೊರಬೇಕು. ಗಣಿಗಾರಿಕೆಗೆ ಬೇರೆ ಕಾಯ್ದೆಗಳಿವೆ ಎಂದು ಅದನ್ನು ಸಾಮಾನ್ಯವಾಗಿ ಇದರ ಹೊರಗಿಟ್ಟಿದ್ದಾರೆ, ಆದ್ದರಿಂದ ಕೆ.ಜಿ.ಎಫ್. ದಿಬ್ಬದ ಸುತ್ತಲಿನವರ ದಾರಿ ಬೇರೆ. ಉಳಿದವರು ಜಿಲ್ಲಾಧಿಕಾರಿಗೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡುವಾಗ ಸರ್ವೆ ನಂಬರು ಗುರುತಿಸಿದ ನಕ್ಷೆ, ಮಾದರಿ ತೆಗೆದ ದಿನ ಮತ್ತು ಆಳ, ಮೇ-ನವೆಂಬರ್ ಎರಡೂ ವರದಿ, ಹೋಲಿಕೆಯ ಮಾದರಿಯ ವರದಿ ಲಗತ್ತಿಸಿ, ಸ್ವೀಕೃತಿ ಪಡೆಯಬೇಕು. ಕೆರೆ ತುಂಬಿಸುವ ಯೋಜನೆಯ ಊರುಗಳಲ್ಲಿ ಗ್ರಾಮಸಭೆ ಇದಕ್ಕಿಂತ ಮೊದಲೇ ಒಂದು ಠರಾವು ಮಾಡಬಹುದು: ಪ್ರತಿ ಕೆರೆಯ ಕೆಳಗೆ ಗುರುತಿಸಿದ ಕನಿಷ್ಠ ಮೂರು ಬೋರು ಮತ್ತು ತೂಬಿನ ಬಳಿಯ ಹೂಳಿನ ಪರೀಕ್ಷೆ ವರ್ಷಕ್ಕೆ ಎರಡು ಸಲ ಆಗಬೇಕು, ಫಲಿತಾಂಶ ಕನ್ನಡದಲ್ಲಿ ಪಂಚಾಯಿತಿ ಫಲಕದ ಮೇಲೆ ಬರಬೇಕು, ಅದು ಬರುವ ತನಕ ಆ ಕೆರೆಯ ಗೋಡು ಎತ್ತಲು ಪರವಾನಗಿ ಕೊಡಬಾರದು.